ಬಾಯಿ ತುಂಬ ಕವಳ, ಮೈದಾನದ ತುಂಬ ರಾಕ್

ಮೈಕ್ ಸೆಟ್ಟಿನವನ ಬಾಳಿನಲ್ಲಿ ನಗೆಪಾಟಲು ತಪ್ಪಿದ್ದಲ್ಲ. ಮೈಕ್ ಆಫ್ ಆಗಿದೆ ಅಂದುಕೊಂಡು ಗಂಡಿನ ಕಡೆಯವರು "ಸಾರಿಗೆ ಉಪ್ಪೇ ಇಲ್ಲ" ಅಂದದ್ದು ಹೆಣ್ಣಿನ ಕಡೆಯವರಿಗೆಲ್ಲ ಕೇಳಿ, ತಾಳಿ ಕಟ್ಟುವುದು ಅರ್ಧ ಗಂಟೆ ತಡವಾದದ್ದುಂಟು. ಭಾಷಣ ಮುಗಿಸಿದ ಗಣ್ಯರು ಕಾಲರಿಗೆ ಸಿಕ್ಕಿಸಿದ್ದ ಮೈಕಿನ ಸಮೇತ ಶೌಚಾಲಯಕ್ಕೆ ಹೋದದ್ದೂ ಉಂಟು. ಸಾಗರದಲ್ಲಿ ಮೂವತ್ತು ವರ್ಷದಿಂದ ಇದೇ ಕಸುಬು ನನ್ನದು. ಆದರೆ ಹೋದ ಚಳಿಗಾಲದ ಉತ್ಸವದಲ್ಲಿ ಆದದ್ದಿದೆಯಲ್ಲ, ಅದರ ಮುಂದೆ ಉಳಿದದ್ದೆಲ್ಲ ಏನೂ ಅಲ್ಲ.

೧. ಕೂತು ಕೇಳುವುದೋ, ನಿಂತು ಕೇಳುವುದೋ

ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲೂಕಿನವರು ಸೇರಿ ಮಾಡಿದ ಉತ್ಸವ. ಒಬ್ಬ ರಾಕ್ ಗಾಯಕರನ್ನು ಕರೆಸೋಣ ಅಂತ ಸಮಿತಿಯ ತಲೆಗೆ ಹುಳ ಬಿಟ್ಟವನು ನಾನೇ. ಕಾಲೇಜಿನಲ್ಲಿದ್ದಾಗ ಅವರ ಕ್ಯಾಸೆಟ್ಟು ಹಾಕಿ ಹಾಕಿ ಟೇಪು ಸವೆಸಿದವರು ನಾವು. ಅವರ ಹಾಡನ್ನು ಜೋರಾಗಿ ಕೇಳಬೇಕು ಅಂತಲೇ ನಾನು ಮೊದಲ ಸ್ಪೀಕರ್ ಪೆಟ್ಟಿಗೆ ತಂದದ್ದು. ಈಗ ಅವರಿಗೆ ಎಪ್ಪತ್ತು ದಾಟಿದೆ.

ಸಮಿತಿಯ ಅಧ್ಯಕ್ಷರಿಗೆ ಒಂದೇ ಚಿಂತೆ. "ಅಲ್ಲ ಮೈಕಣ್ಣ, ಈ ರಾಕ್ ಅಂದ್ರೆ ಕೂತ್ಕಂಡು ಕೇಳೋದಾ, ನಿಂತ್ಕಂಡು ಕೇಳೋದಾ?"

"ನಿಂತ್ಕಂಡು, ಕುಣ್ಕಂಡು, ಕೂಗ್ಕಂಡು."

"ಛೆ ಛೆ! ಬಂದವರನ್ನ ನಿಲ್ಸೋದಾ? ನಮ್ಮ ಮರ್ಯಾದೆ ಎಂತ ಆಗ್ಬೇಕು?"

ಸಾಲಾಗಿ ಕುರ್ಚಿ ಬಂತು. ಅಷ್ಟಕ್ಕೇ ಬಿಟ್ಟರೆ ಅವರು ಅಧ್ಯಕ್ಷರು ಹೇಗಾಗುತ್ತಾರೆ? ಗೇಟಿನಲ್ಲೇ ಒಂದು ಮೇಜು ಇಡಿಸಿ, ಬಂದವರಿಗೆಲ್ಲ ಕವಳ ಕೊಟ್ಟು ಸ್ವಾಗತಿಸಬೇಕು ಅಂದರು. ಎಲೆ, ಅಡಿಕೆ, ಸುಣ್ಣ, ಎಲ್ಲ ಸೇರಿಸಿ ಮಡಚಿ ತಯಾರಾಗಿಟ್ಟದ್ದು, ಬಾಯಿಗೆ ಹಾಕಿಕೊಳ್ಳುವುದಷ್ಟೇ ಬಾಕಿ. ಆಮೇಲೆ ನನ್ನ ಕಡೆ ತಿರುಗಿ, "ಮೈದಾನಕ್ಕೆ ಹೊಸ ಹುಲ್ಲು ಹಾಕ್ಸಿದೀವಿ. ಒಬ್ಬರೂ ಉಗುಳಬಾರದು. ನೀನು ಮೈಕಲ್ಲಿ ಹೇಳ್ತಾ ಇರು" ಅಂದರು.

ಮೂರು ತಾಲೂಕಿನ ಬುದ್ಧಿವಂತರು ಆ ಸಭೆಯಲ್ಲಿದ್ದರು. ಕವಳ ಕೊಡುವವರೂ ನಾವೇ, ಉಗುಳಬೇಡಿ ಅನ್ನುವವರೂ ನಾವೇ ಅಂತ ಒಬ್ಬರಿಗಾದರೂ ಹೊಳೆಯಬೇಕಲ್ಲ? ಇಲ್ಲ. ನನಗೂ ಹೊಳೆಯಲಿಲ್ಲ ಅನ್ನಿ. ನಾನಾಗಲೇ ಗಾಯಕರಿಗೆ ಫೋನ್ ಮಾಡಿ ಕೊಚ್ಚಿಕೊಳ್ಳುತ್ತಿದ್ದೆ: "ನಮ್ಮವರಿಗೆ ನಿಮ್ಮ ಹಾಡೆಲ್ಲ ಬಾಯಿಪಾಠ ಸಾರ್. ನೀವು ಬಾಯಿ ತೆಗೆಯೋದೇ ಬೇಡ, ಅವರೇ ಹಾಡ್ತಾರೆ!"

೨. ಮಫ್ಲರ್ ಯಜಮಾನರು

ತೀರ್ಥಹಳ್ಳಿ ಕಡೆಯ ಒಬ್ಬ ಗೌಡರು ಮಧ್ಯಾಹ್ನ ಎರಡು ಗಂಟೆಗೇ ಬಂದು ವೇದಿಕೆಯ ಹಿಂಬಾಗಿಲಲ್ಲಿ ಠಿಕಾಣಿ ಹೂಡಿದರು. ಕೈಯಲ್ಲಿ ಹಳೇ ಕ್ಯಾಸೆಟ್ಟಿನ ಕವರು. ಅದರ ಮೇಲೆ ಗಾಯಕರ ಫೋಟೋ: ಭುಜದವರೆಗೆ ಕೂದಲು, ಚರ್ಮದ ಕೋಟು, ಕಪ್ಪು ಕನ್ನಡಕ. ಅದಕ್ಕೆ ಸಹಿ ಹಾಕಿಸಿಕೊಳ್ಳದೆ ಊರಿಗೆ ಹೋಗುವುದಿಲ್ಲ ಅಂತ ಮನೆಯಲ್ಲಿ ಹೇಳಿ ಬಂದಿದ್ದರಂತೆ.

ಮೂರು ಗಂಟೆಗೆ ಕಾರು ಬಂತು. ಇಳಿದವರು ಮಫ್ಲರ್ ಸುತ್ತಿಕೊಂಡಿದ್ದರು, ಮಂಡಿಗೆ ಪಟ್ಟಿ ಹಾಕಿದ್ದರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದಿದ್ದರು. ತಲೆಯಲ್ಲಿ ಕೂದಲು ಇತ್ತು ಅನ್ನುವುದು ಬರೀ ನೆನಪು. ಗೌಡರು ಅವರನ್ನು ನೋಡಿ, "ಯಜಮಾನ್ರೇ, ಸ್ವಲ್ಪ ಈಚೆ ಬನ್ನಿ. ಅವರು ಬರೋ ದಾರಿ ಅದು" ಅಂದರು.

ಗಾಯಕರು ಪಾಪ, ಈಚೆ ಬಂದರು. ಅಷ್ಟೇ ಅಲ್ಲ, ಗೌಡರ ಪಕ್ಕದಲ್ಲೇ ನಿಂತು ತಾವೂ ದಾರಿ ನೋಡಿದರು. ನಾನು ದೂರದಲ್ಲಿ ವೈರು ಎಳೆಯುತ್ತಿದ್ದವನು ಓಡಿ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಗಾಯಕರು ಕಣ್ಣು ಮಿಟುಕಿಸಿ ನನ್ನನ್ನು ಸುಮ್ಮನಿರಿಸಿದರು.

"ಬಂದ್ರಾ?" ಅಂತ ಗೌಡರನ್ನೇ ಕೇಳಿದರು.

"ಎಲ್ಲಿ ಬಂದ್ರು! ದೊಡ್ಡವರು ನೋಡಿ, ನಮ್ಮ ನಿಮ್ಮ ಹಾಗಾ?" ಅಂದರು ಗೌಡರು.

೩. ಊಂ

ಐದು ಗಂಟೆಗೆ ಸರಿಯಾಗಿ ಶುರು. ಗಾಯಕರು ಬೇಗ ಮಲಗಬೇಕು ಅಂತ ಡಾಕ್ಟರು ಹೇಳಿದ್ದರು. ತಲೆಗೆ ವಿಗ್ಗು, ಮೈಗೆ ಅದೇ ಚರ್ಮದ ಕೋಟು, ಕಣ್ಣಿಗೆ ಕಪ್ಪು ಕನ್ನಡಕ. ಅಯ್ಯೋ, ಥೇಟ್ ಕ್ಯಾಸೆಟ್ಟಿನ ಕವರೇ ಎದ್ದು ಬಂದ ಹಾಗಾಯಿತು.

ಮೊದಲ ಹಾಡು ಮುಗಿಯಿತು. ಮೈದಾನದಲ್ಲಿ ಸದ್ದೇ ಇಲ್ಲ.

"ನಮಸ್ಕಾರ ಸಾಗರಾ! ಹೇಗಿದ್ದೀರಾ?"

"ಊಂ."

"ಹೊಸನಗರದವರು ಎಲ್ಲಿದ್ದೀರಾ?"

ಶಾಲೆಯ ಹಾಜರಿಗೆ ಎತ್ತಿದ ಹಾಗೆ ನಾಲ್ಕಾರು ಕೈ ಎದ್ದವು.

"ತೀರ್ಥಹಳ್ಳೀ! ಜೋರಾಗಿ!"

"ಊಂ."

ಎರಡನೇ ಹಾಡು ಆಯಿತು, ಮೂರನೆಯದೂ ಆಯಿತು. ಎಲ್ಲರೂ ಗಲ್ಲ ಮೇಲೆತ್ತಿಕೊಂಡು ಅಲ್ಲಾಡದೆ ಕೂತಿದ್ದಾರೆ. ಇವರಿಗೆ ಏನು ದಾಡಿ ಬಂತು ಅಂತ ನನಗೆ ಸಿಟ್ಟು ಬಂತು. ಪಕ್ಕದ ಕುರ್ಚಿಯಲ್ಲಿ ವರದಮೂಲದ ನನ್ನ ಗೆಳೆಯ ಇದ್ದ. ಕಾಲೇಜಿನಲ್ಲಿ ಇದೇ ಹಾಡು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡವನು.

"ಕೂಗೋ ಮಾರಾಯ! ಕಲ್ಲಿನ ಹಾಗೆ ಎಂತಕ್ಕೆ ಕೂತಿದೀಯ?" ಅಂದೆ.

ಅವನು ಊದಿಕೊಂಡ ತನ್ನ ಕೆನ್ನೆ ತೋರಿಸಿದ. ಆಮೇಲೆ ಕೆಳಗಿನ ಹುಲ್ಲು ತೋರಿಸಿದ. ಕೊನೆಗೆ ನನ್ನ ಮೈಕನ್ನೇ ತೋರಿಸಿದ. ಆಗ ನನಗೆ ಬೆಳಕಾಯಿತು. ಮಧ್ಯಾಹ್ನದಿಂದ ಎಂಟು ಸಲ "ದಯವಿಟ್ಟು ಯಾರೂ ಉಗುಳಬಾರದು" ಅಂತ ಅರಚಿಕೊಂಡವನು ನಾನೇ ತಾನೆ? ಮೂವತ್ತು ವರ್ಷದಲ್ಲಿ ನನ್ನ ಅನೌನ್ಸ್‌ಮೆಂಟನ್ನು ಜನ ಕೇಳಿದ್ದು ಅದೇ ಮೊದಲು.

೪. ಒಂದು ಹಾಕಿ ನೋಡಿ

ಗಣ್ಯರ ಸನ್ಮಾನಕ್ಕೆ ಅಂತ ವಿರಾಮ ಕೊಟ್ಟರು. ಜನ ಎದ್ದು ಕಾಂಪೌಂಡಿನ ಆಚೆ ಓಡಿದ ವೇಗ ನೋಡಬೇಕಿತ್ತು. ಆದರೆ ಅದು ಗಾಯಕರಿಗೆ ಕಂಡದ್ದು ಬೇರೆ ಥರ. ನಾನು ವೇದಿಕೆಯ ಹಿಂದೆ ಹೋದಾಗ ವಿಗ್ಗು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಎಲ್ಲ ಎದ್ದು ಹೋದ್ರಲ್ಲ ಮೈಕಣ್ಣ. ಸರಿ ಬಿಡಿ. ಜನಕ್ಕೆ ನಾನು ಸಾಕಾಗಿದ್ದೀನಿ. ಇದೇ ಕೊನೇದು, ಇನ್ನು ಹಾಡೋದಿಲ್ಲ" ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಎಲ್ಲಿಂದಲೋ ಆಸೆಯಿಂದ ಕರೆಸಿ, ನನ್ನ ಕೈಯಾರೆ ಅವರ ಹಾಡು ನಿಲ್ಲಿಸಿಬಿಟ್ಟೆನಲ್ಲ! ಕವಳದ ಕಥೆಯನ್ನೆಲ್ಲ ಹೇಳಿದೆ. ಅವರು ನಂಬಲಿಲ್ಲ.

"ಸಮಾಧಾನಕ್ಕೆ ಹೇಳ್ಬೇಡಿ. ಒಂದು ಎಲೆ ಅಡಿಕೆಗೆ ಬಾಯಿ ಕಟ್ಟಿಹೋಗುತ್ತಾ?"

ನನ್ನ ಹಿಂದೆಯೇ ಬಂದಿದ್ದ ವರದಮೂಲದ ಗೆಳೆಯನಿಗೆ ತಡೆಯಲಾಗಲಿಲ್ಲ. ಅವನ ಬಾಯಿ ಈಗ ಖಾಲಿ ಇತ್ತು. "ಎಂಗೊ ಸುಳ್ಳು ಹೇಳ್ತ್ವಿಲ್ಲೆ ಸಾರ್. ನೀವೇ ಒಂದು ಹಾಕಿ ನೋಡಿ" ಅಂತ ತನ್ನ ಮನೆಮಾತಿನಲ್ಲೇ ಹೇಳಿ ಎಲೆ ಅಡಿಕೆಯ ಸಂಚಿ ಬಿಚ್ಚಿದ. ಗೇಟಿನಲ್ಲಿ ಕೊಟ್ಟದ್ದು ಮಕ್ಕಳಾಟದ ಕವಳ. ಇದು ಅವನು ದಿನಾ ಹಾಕುವ ಹಸಿ ಅಡಿಕೆಯದ್ದು, ಮುಷ್ಟಿ ಗಾತ್ರದ್ದು. ಗಾಯಕರು ಹಟಕ್ಕೆ ಬಿದ್ದವರ ಹಾಗೆ ಪೂರ್ತಿ ಬಾಯಿಗೆ ತುಂಬಿಕೊಂಡು ಅಗಿದರು.

"ಈಗ 'ನಮಸ್ಕಾರ ಸಾಗರಾ' ಅನ್ನಿ ಸಾರ್" ಅಂದೆ.

"ಊಂ" ಅಂದರು. ಕಣ್ಣು ಅಗಲ ಆಯಿತು. ಆ ಸಂಜೆ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

ಅಷ್ಟರಲ್ಲಿ ಬಾಯಿ ಖಾಲಿ ಮಾಡಿಕೊಂಡು ಬಂದ ಮೂರು ತಾಲೂಕು ಒಟ್ಟಿಗೆ ಕೂಗಿತು ನೋಡಿ! "ಕೊನೇ ಬಸ್ಸು! ಕೊನೇ ಬಸ್ಸು!" ಅವರ ಎಲ್ಲಕ್ಕಿಂತ ಹೆಸರಾದ ಹಾಡು ಅದು, ಕೊನೇ ಬಸ್ಸು ತಪ್ಪಿಸಿಕೊಂಡವನ ಹಾಡು. ಡ್ರಮ್ಮಿನವನು ಬಾರಿಸಲು ಶುರು ಮಾಡಿಯೇಬಿಟ್ಟ. ಅಧ್ಯಕ್ಷರು ಓಡಿ ಬಂದು, ಗಾಯಕರ ತಲೆಗೆ ತಾವೇ ವಿಗ್ಗು ಇಟ್ಟು, ಕೈ ಹಿಡಿದು ಎಳೆದರು. ಗಾಯಕರು ಬಾಯಿ ತೋರಿಸಿ, ಎಲ್ಲಾದರೂ ಉಗುಳಲು ಜಾಗ ಉಂಟೇ ಅಂತ ಸನ್ನೆ ಮಾಡಿದರು.

ಅಧ್ಯಕ್ಷರು ಕೈ ಮುಗಿದರು. "ಇಲ್ಲಿ ಮಾತ್ರ ಬೇಡ ಸಾರ್. ಹೊಸ ಹುಲ್ಲು."

೫. ಸೊಕ್ಕಿದ ಅಡಿಕೆ

ಗಿಟಾರು ಮುಗಿದು ಹಾಡು ಬರಬೇಕಾದ ಜಾಗ ಬಂತು. ಗಾಯಕರು ನನ್ನನ್ನು ನೋಡಿದರು. ನಾನು ಮಿಕ್ಸರಿನ ಹಿಂದೆ ನಿಂತು ಕೈ ಚೆಲ್ಲಿದೆ. ಒಂದು ಕ್ಷಣ ಅಷ್ಟೇ. ಅವರು ಮೈಕನ್ನು ತಿರುಗಿಸಿ ಜನರ ಕಡೆ ಹಿಡಿದರು.

ಜನ ಹಾಡಿದರು. ಎದ್ದು ನಿಂತು ಹಾಡಿದರು, ಕುರ್ಚಿ ಹತ್ತಿ ಹಾಡಿದರು. ಒಂದು ಸಾಲೂ ತಪ್ಪಲಿಲ್ಲ. ಅಧ್ಯಕ್ಷರೇ ಕುಣಿದರು, ಅದೂ ಹೊಸ ಹುಲ್ಲಿನ ಮೇಲೆ.

ಎರಡನೇ ಚರಣದ ಹೊತ್ತಿಗೆ ಅಡಿಕೆ ಸೊಕ್ಕಿತು. ಅಭ್ಯಾಸ ಇಲ್ಲದವರಿಗೆ ಹಸಿ ಅಡಿಕೆ ತಲೆಗೆ ಹತ್ತಿದರೆ ಏನಾಗುತ್ತದೆ ಅಂತ ನಮ್ಮ ಕಡೆ ಹೇಳಿಕೊಡಬೇಕಾಗಿಲ್ಲ. ಗಾಯಕರ ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು, ಕನ್ನಡಕದ ಕೆಳಗಿನಿಂದ ಕಣ್ಣೀರು ಧಾರಾಕಾರ. ಕಾಲು ತೂರಾಡಿ ನನ್ನ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ರಸ ತುಟಿ ದಾಟಬಾರದಲ್ಲ, ಗಲ್ಲ ಎತ್ತಿ ಆಕಾಶ ನೋಡಿದರು. ಅದನ್ನು ಕಂಡು ಜನ ಇನ್ನೂ ಜೋರಾಗಿ ಹಾಡಿದರು.

ಹಾಡು ಮುಗಿದದ್ದೇ ತಡ, ಗಾಯಕರು ಎದೆಗೆ ಕೈ ಒತ್ತಿ ಎಲ್ಲರಿಗೂ ನಮಸ್ಕರಿಸಿ ನೇರ ಕಾಂಪೌಂಡಿನ ಆಚೆ ನಡೆದರು. ಫ್ಲಾಸ್ಕಿನ ನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ ನನ್ನ ಭುಜ ಹಿಡಿದುಕೊಂಡರು.

"ಮೈಕಣ್ಣ, ನನಗಿಂತ ಚೆನ್ನಾಗಿ ಹಾಡ್ತಾರಲ್ರೀ ನಿಮ್ಮವರು! ಮುಂದಿನ ವರ್ಷ ಯಾವಾಗ?"

ನನಗೆ ಅಳು ಬಂತು. ಹೌದು, ಅತ್ತೇಬಿಟ್ಟೆ. ಅವರ ತಲೆ ಇನ್ನೂ ತಿರುಗುತ್ತಿತ್ತು, ಆದ್ದರಿಂದ ಯಾರು ಯಾರನ್ನು ಹಿಡಿದುಕೊಂಡಿದ್ದರು ಅಂತ ಹೇಳುವುದು ಕಷ್ಟ.

೬. ಮಾರನೇ ದಿನ, ನನ್ನ ಅಂಗಡಿಯಲ್ಲಿ

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಭಿಮಾನಿಗಳು ಹಾಜರು. ಹೊಸನಗರದ ಬ್ಯಾಂಕಿನ ಮೇಡಂ ಕೆಲಸಕ್ಕೆ ತಡವಾದರೂ ಬಂದಿದ್ದರು. "ಅವರ ಕಣ್ಣಲ್ಲಿ ನೀರು ನೋಡಿದ್ರಾ? ನಮ್ಮ ಪ್ರೀತಿ ತಡ್ಕೊಳೋಕೆ ಆಗ್ಲಿಲ್ಲ ಅವರಿಗೆ" ಅಂತ ತಾವೂ ಕಣ್ಣೊರೆಸಿಕೊಂಡರು.

ತೀರ್ಥಹಳ್ಳಿಯ ಗೌಡರು ಫೋನ್ ಮಾಡಿದರು. "ಆಕಾಶ ನೋಡ್ತಿದ್ರಲ್ಲ, ಸತ್ತುಹೋದ ಅಪ್ಪ ಅಮ್ಮನ್ನ ನೆನೆಸ್ಕಂಡ್ರು ಕಾಣ್ತದೆ. ಸಹಿ ಸಿಗಲಿಲ್ಲ, ಹೋಗ್ಲಿ ಬಿಡು. ಆ ಮಫ್ಲರ್ ಯಜಮಾನ್ರಿಗಾದ್ರೂ ಸಿಕ್ತಾ? ಪಾಪ, ನನ್ನ ಸಮ ಕಾದಿದ್ರು."

ಕೊನೆಗೆ ಬಂದವರು ನಿವೃತ್ತ ಸಂಗೀತ ಮೇಷ್ಟ್ರು. ಯಾರ ಹಾಡನ್ನೂ ಇವತ್ತಿನವರೆಗೆ ಮೆಚ್ಚಿದವರಲ್ಲ. ತಪ್ಪು ಹುಡುಕಲಿಕ್ಕೆಂದೇ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುವವರು. ಇವರಿಗೆ ಖಂಡಿತ ಗುಟ್ಟು ಗೊತ್ತಾಗಿದೆ, ಇನ್ನು ಊರಿಡೀ ಡಂಗುರ ಅಂತ ಹೆದರಿ, ಕೈಗೆ ಸಿಕ್ಕಿದ ಕವಳವನ್ನು ಬಾಯಿಗೆ ತುರುಕಿಕೊಂಡೆ.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ನೋಡು, ಮೊದಲಿನ ಹಾಡುಗಳಲ್ಲಿ ಶ್ರುತಿ ಸ್ವಲ್ಪ ಕೆಳಗಿತ್ತು. ವಯಸ್ಸಾಯ್ತು, ಪಾಪ."

ನಾನು ತಲೆಯಾಡಿಸಿದೆ.

"ಆದರೆ ಆ ಕೊನೇ ಬಸ್ಸಿನ ಹಾಡು ಹಾಡಿದ್ರಲ್ಲ, ಅಬ್ಬಬ್ಬಾ! ಎಂಥಾ ಕಂಠ! ಎಂಥಾ ಉಚ್ಚಾರ! ಒಂದೊಂದು ಅಕ್ಷರವೂ ಮುತ್ತಿನ ಹಾಗೆ ಅವರ ಬಾಯಿಂದ ಉದುರಿತು. ಹೌದೋ ಅಲ್ಲವೋ?"

"ಊಂ" ಅಂದೆ.