ಅಪ್ಪನ ಗಿಡ್ಡ ಮೊಳೆಗಳು

ಹಲಗೆ ಬಿಟ್ಟಿ, ಮುರಿದ ಮಂಚದ್ದು. ಮಣ್ಣು ಬಿಟ್ಟಿ, ಹಿತ್ತಲಿನದು. ಮೊಳೆಯೂ ಬಿಟ್ಟಿಯೇ ಆಗುತ್ತಿತ್ತು, ಅಕ್ಕಪಕ್ಕದವರು ಸುಮ್ಮನಿದ್ದಿದ್ದರೆ.

ಗಿಡಕ್ಕೊಂದು ಪೆಟ್ಟಿಗೆ ಮಾಡಲು ಹೊರಟ ಗುಮಾಸ್ತರ ಅವಸರಕ್ಕೆ ಕಾರಣ ಅವರ ಅಕ್ಕ. ಅಮ್ಮ ಹೋದಮೇಲೆ ಪಾಲಿನಲ್ಲಿ ಊಟದ ಮೇಜು ತಮ್ಮನಿಗೆ, ಅಮ್ಮನ ಗುಲಾಬಿ ಗಿಡ ಅಕ್ಕನಿಗೆ ಎಂದಾಗಿತ್ತು. ಮನೆ ಬದಲಾಯಿಸುವಾಗ ಗಿಡವನ್ನು ತಮ್ಮನ ಹತ್ತಿರ ಬಿಟ್ಟುಹೋದವಳು ಬೆಳಿಗ್ಗೆ ಫೋನಿನಲ್ಲಿ ಗುಡುಗಿದ್ದಳು: "ಸಂಜೆ ಬರ್ತೀನಿ. ಇನ್ನೂ ಆ ಪೇಂಟ್ ಡಬ್ಬದಲ್ಲೇ ಇದ್ರೆ ಗಿಡ ವಾಪಸ್ ಒಯ್ತೀನಿ. ಒಳ್ಳೇ ಮರದ ಪೆಟ್ಟಿಗೆ ಮಾಡಿದ್ರೆ ನಿನ್ನ ಹತ್ರಾನೇ ಇರ್ಲಿ."

ಬಗ್ಗಿದರೆ ಸೊಂಟ ಹಿಡಿಯುತ್ತದೆಂದು ಗುಮಾಸ್ತರು ಅದೇ ಊಟದ ಮೇಜಿನ ಮೇಲೆ ಹಲಗೆ ಹರಡಿ, ಅಪ್ಪನ ಮೊಳೆ ಡಬ್ಬಿ ತೆಗೆದರು. ರಜೆಯ ದಿನ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ಸೊಟ್ಟ ಮೊಳೆಗಳನ್ನೆಲ್ಲ ಬಡಿದು ನೆಟ್ಟಗೆ ಮಾಡುತ್ತಿದ್ದರು. ಆ ಟಕ್ ಟಕ್ ಕೇಳುತ್ತಲೇ ಅಕ್ಕ ತಮ್ಮ ಈ ಮೇಜಿನ ಮೇಲೆ ಮಗ್ಗಿ ಬರೆದದ್ದು. ಮುಚ್ಚಳ ತೆಗೆದರೆ ಇವತ್ತಿಗೂ ಅಪ್ಪನ ಅಂಗೈ ವಾಸನೆ.

ಪಕ್ಕದ ಮನೆಯ ದರ್ಜಿ ಕಿಟಕಿಯಲ್ಲಿ ಇಣುಕಿದ. "ಸ್ವಾಮಿ, ಒದ್ದೆ ಮಣ್ಣಿಗೆ ಈ ಮೊಳೇನಾ? ತುಕ್ಕು ಹಿಡ್ದು ಒಂದೇ ಮಳೆಗೆ ಹಳೇ ಪ್ಯಾಂಟಿನ ಥರ ಹೊಲಿಗೆ ಬಿಡುತ್ತೆ!"

"ಅಪ್ಪ ಎಲ್ಲಾದಕ್ಕೂ ಇದನ್ನೇ..."

"ನಿಮ್ಮಪ್ಪನ ಮೊಳೆ ಗಿಡ್ಡ ಕಣ್ರೀ," ಎನ್ನುತ್ತ ಎದುರುಮನೆಯ ಬಸ್ ಡ್ರೈವರ್ ಒಳಗೇ ಬಂದ. ಕೈಯಲ್ಲಿ ಡ್ರಿಲ್ಲು, ಬೆರಳುದ್ದದ ಸ್ಟೀಲ್ ಸ್ಕ್ರೂಗಳು. "ಬಸ್ಸಿನ ಸೀಟಿಗೆ ಹಾಕೋವು. ತುಕ್ಕು ಹಿಡಿಯಲ್ಲ. ಬಸ್ಸು ಉರುಳಿದ್ರೂ ಸೀಟು ಅಲ್ಲಾಡಲ್ಲ!"

ಗುಮಾಸ್ತರು ತಮ್ಮ ಮನೆಯಲ್ಲೇ ನೆಂಟರಂತೆ ಮೂಲೆಗೆ ಸರಿದರು. ಡ್ರೈವರ್ ತಳದ ಹಲಗೆಗಳನ್ನು ಕೆಳಗಿನ ಅಡ್ಡಪಟ್ಟಿಗೆ ಬಿಗಿದ. "ಇನ್ನೊಂದು ಸುತ್ತು," ಎಂದು ತಾನೂ ಒಳಬಂದ ದರ್ಜಿ ಹುರಿದುಂಬಿಸಿದಾಗಲೆಲ್ಲ ಇನ್ನೂ ಬಿಗಿದ. ಸ್ಕ್ರೂ ತಲೆಗಳು ಸವೆದು ನುಣ್ಣಗಾದವು. ಸುತ್ತ ಹಲಗೆ ಕೂಡಿಸಿ, ಮಣ್ಣು ತುಂಬಿ, ಗಿಡ ನೆಟ್ಟು, ನೀರೂ ಹಾಕಿದ್ದಾಯಿತು.

"ಹಿಡೀರಿ, ಹೊರಗಿಡೋಣ," ಎಂದ ಡ್ರೈವರ್.

ಅವನೂ ದರ್ಜಿಯೂ ಪೆಟ್ಟಿಗೆ ಎತ್ತಿದರು. ಸೆರಗು ಬಿಡದ ಮಗುವಿನಂತೆ ಮೇಜೂ ಜೊತೆಗೆ ಎದ್ದಿತು.

ದರ್ಜಿ ಬಗ್ಗಿ ನೋಡಿದ. "ಸ್ಕ್ರೂ ಮೂತಿ ಮೇಜಿನ ಅಡೀಲಿ ಬಂದಿದೆಯಲ್ಲೋ!"

"ಬಿಚ್ಚಪ್ಪಾ ಬೇಗ! ಅಕ್ಕ ಬರ್ತಾಳೆ!"

"ತಲೆ ಸವೆದಿದೆ ಸ್ವಾಮಿ, ಹೇಗೆ ಬಿಚ್ಚಲಿ?" ಎಂದ ಡ್ರೈವರ್ ಕೊಂಚ ಹೆಮ್ಮೆಯಿಂದಲೇ. "ಅಲ್ಲಾಡಲ್ಲ ಅಂತ ಮೊದ್ಲೇ ಹೇಳಿದ್ನಲ್ಲ."

ಅಷ್ಟರಲ್ಲಿ ಅಕ್ಕ ಬಂದೇಬಿಟ್ಟಳು. ಗಿಡ ಮುಟ್ಟಿದಳು. ಮೇಜಿನ ಅಂಚಿನಲ್ಲಿ ತಾನು ಚಿಕ್ಕಂದಿನಲ್ಲಿ ಕೈವಾರದಿಂದ ಕೆತ್ತಿದ್ದ ಹೂವಿನ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿತು. ಸದ್ಯ, ನಾನು ಬದುಕಿದೆ ಅಂದುಕೊಂಡರು ಗುಮಾಸ್ತರು.

"ಪೆಟ್ಟಿಗೆ ಗಟ್ಟಿಯಾಗಿದೆ ಕಣೋ," ಎಂದಳು ಅಕ್ಕ. "ಆದ್ರೆ ಒಳಗಿಟ್ರೆ ಗಿಡ ಬಿಸಿಲಿಲ್ದೆ ಸಾಯುತ್ತೆ. ಹೊರಗಿಟ್ರೆ ಅಮ್ಮನ ಮೇಜು ಮಳೇಲಿ ಕೊಳೆಯುತ್ತೆ. ಹೊಸ ಮನೇಲಿ ನಂಗೆ ಗಾಜಿನ ವರಾಂಡ ಇದೆ. ಬಿಸಿಲು ಬರುತ್ತೆ, ಮಳೆ ಬರಲ್ಲ."

ಡ್ರೈವರ್ ಆಗಲೇ ಮೇಜಿನ ಒಂದು ಕಾಲು ಹಿಡಿದಿದ್ದ. ದರ್ಜಿ ಇನ್ನೊಂದು.

ಗುಮಾಸ್ತರು ನೆಲದ ಮೇಲೆ ಕೂತು ಊಟ ಮಾಡಿದರು. ಗಿಡ ಹೋಯಿತು, ಮೇಜೂ ಹೋಯಿತು. ಉಳಿದದ್ದು ನೆಲದಲ್ಲಿ ನಾಲ್ಕು ಕಾಲಿನ ಗುರುತು, ಮತ್ತು ಮೇಜು ಮುಟ್ಟುವಷ್ಟು ಉದ್ದವಿಲ್ಲದ ಅಪ್ಪನ ಒಂದು ಡಬ್ಬಿ ಮೊಳೆ.