ಚಿಕ್ಕಮ್ಮನ ಬೆನ್ನ ಮೇಲಿನ ಚೀಲ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟು, ಮನೆಯವರ ಡಬ್ಬಿಗೆ ಚಿತ್ರಾನ್ನ ಕಲಸುವುದು ನನ್ನ ದಿನಚರಿ. ಶ್ರೀನಿವಾಸಪುರದಲ್ಲಿ ಸಂಸಾರ ಹೂಡಿದ ದಿನದಿಂದ ಇದರಲ್ಲಿ ಏರುಪೇರಾದದ್ದಿಲ್ಲ. ಆದರೆ ಆ ದಿನ ರಂಗೋಲಿಯ ಒಂದು ಎಳೆ ತಪ್ಪಿಸಿಕೊಂಡು ರಸ್ತೆಯ ಕಡೆ ಹೊರಟಿತ್ತು, ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ಚಿತ್ರಾನ್ನಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು. ಇಷ್ಟಕ್ಕೂ ಕಾರಣ ಗೌನಿಪಲ್ಲಿಯ ಆಚೆ ಹಿಪ್ಪುನೇರಳೆ ತೋಟದ ನಡುವೆ ಕೂತಿರುವ ನನ್ನ ಚಿಕ್ಕಮ್ಮ. ನಮ್ಮ ತಾಲ್ಲೂಕಿನಲ್ಲಿ ರೇಷ್ಮೆಹುಳು ಮೇಯಿಸುವ ಹೆಂಗಸರು ಎಷ್ಟು ಬೇಕಾದರೂ ಇದ್ದಾರೆ. ಬೆನ್ನಿಗೆ ಚೀಲ ಏರಿಸಿಕೊಂಡು ಬ್ರೆಜಿಲ್ಲಿನ ಬೀದಿಯಲ್ಲಿ ಕುಣಿದು, ಮನೆಗೆ ಬಂದು ಬೂಟು ಬಿಚ್ಚುವ ಮುಂಚೆ ಹುಳುಗಳಿಗೆ ಸೊಪ್ಪು ಹಾಕಿದವಳು ಅವಳೊಬ್ಬಳೇ ಎಂದು ಯಾರು ಕೇಳಿದರೂ ಬರೆದುಕೊಡುತ್ತೇನೆ!

ಹಿಂದಿನ ಸಂಜೆ ಅವಳ ಫೋನು ಬಂದಿತ್ತು. ಚಿಕ್ಕಮ್ಮನಿಗೆ ಹಲೋ ಎನ್ನುವ ಅಭ್ಯಾಸವಿಲ್ಲ, ನೇರ ವಿಷಯಕ್ಕೆ ಬರುತ್ತಾಳೆ.

"ಈ ಸಲ ಬ್ರೆಜಿಲ್ಲಿನ್ ಕಾರ್ನಿವಲ್ ಜಾತ್ರೆಗೆ ನೀನೂ ಬರ್ತೀಯಾ ನನ್ ಜೊತೆ. ಕೋಲಾರದ ಟಿಕೆಟ್ ಹುಡ್ಗ ಎರಡು ಸೀಟು ಹಿಡ್ಕೊಂಡವ್ನೆ. ನಾಳೆ ದೀಪ ಹಚ್ಚೋ ಹೊತ್ಗೆ ಹೇಳ್ಬಿಡು ಕಣೇ. ಇಲ್ಲಾಂದ್ರೆ ಒಂದೇ ಮಾಡಿಸ್ತೀನಿ."

"ನಾನ್ಯಾಕೆ ಚಿಕ್ಕಮ್ಮ?"

"ನಿನ್ ಕಾನ್ವೆಂಟ್ ಇಂಗ್ಲಿಷು ಬಿಸ್ಕತ್ ಪ್ಯಾಕೆಟ್ ಹಿಂದ್ಗಡೆ ಓದೋಕೆ ಮಾತ್ರ ಬಳಕೆ ಆಗ್ತಾ ಐತೆ. ಅದಕ್ಕೂ ಒಂದ್ ಗಾಳಿ ಬೇಡ್ವಾ?"

ಇಷ್ಟು ಹೇಳಿ ಇಟ್ಟುಬಿಟ್ಟಳು. ಮಾಲೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಮೊಣಕಾಲು ಕೂಡಿಸಿ ಕೂರುವುದನ್ನೂ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದನ್ನೂ ಕಲಿಸಿದ್ದರು. ಕಾರ್ನಿವಲ್‌ನಲ್ಲಿ ಹೇಗೆ ನಿಲ್ಲಬೇಕೆಂದು ಕಲಿಸಿರಲಿಲ್ಲ.

ಮನೆಯವರಾದರೂ ಬೇಡ ಎನ್ನುತ್ತಾರೆಂದು ನಂಬಿದ್ದೆ. ಕಾಫಿ ಕೊಡುತ್ತ ವಿಷಯ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, ಹೋಗಬೇಕು ಅನ್ನಿಸಿದರೆ ಹೋಗು, ಪಾಸ್‌ಪೋರ್ಟ್ ಸುಮ್ಮನೆ ಬಿದ್ದಿದೆಯಲ್ಲ ಎಂದರು. ಅವರು ಬೇಡ ಎಂದಿದ್ದರೆ ಜಗಳವಾಡಿ, ಅತ್ತು, ಕೊನೆಗೆ ಅವರಿಗಾಗಿ ತ್ಯಾಗ ಮಾಡಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಬಹುದಿತ್ತು. ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನು ಮಾಡಿದರೆ ಅವಳು ಸನ್‌ಸ್ಕ್ರೀನ್ ಯಾವುದು ಕೊಳ್ಳಬೇಕೆಂದು ಹೇಳತೊಡಗಿದಳು. ಇಡೀ ಸಂಸಾರದಲ್ಲಿ ನನ್ನನ್ನು ತಡೆಯುವ ಒಬ್ಬ ಪುಣ್ಯಾತ್ಮನೂ ಇಲ್ಲವೆಂದರೆ ಹೆಂಗಸು ಹೇಗೆ ನಿರ್ಧಾರ ಮಾಡಬೇಕು, ನೀವೇ ಹೇಳಿ?

ಮನೆಯವರು ಕೋಲಾರದ ಬಸ್ಸು ಹತ್ತಿದ ಮೇಲೆ ಬಟ್ಟೆ ಒಗೆದು ಮಹಡಿಯ ಮೇಲೆ ಒಣಹಾಕಿದೆ. ಕೆಳಗೆ ಬಂದೆ. ಮತ್ತೆ ಮಹಡಿಗೆ ಹೋಗಿ ಕ್ಲಿಪ್ಪುಗಳನ್ನು ಬಣ್ಣ ಬಣ್ಣಕ್ಕೆ ಹೊಂದಿಸಿದೆ. ಎದುರು ಮನೆಯ ಮುನಿರತ್ನಮ್ಮ ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಬಿಡಿಸುತ್ತ ಕೂತಿದ್ದರು. ಮುಳಬಾಗಿಲು ಕಡೆಯ ರೇಷ್ಮೆ ಮನೆತನದಲ್ಲಿ ಹುಟ್ಟಿ ಬೆಳೆದ ಹಿರಿಯರು. ಅವರ ಕೈ ಕಾಯಿಯ ಮೇಲಿದ್ದರೂ ಕಣ್ಣು ಬೀದಿಯ ಮೇಲಿರುತ್ತದೆ. ನನ್ನ ಎರಡನೆಯ ಮಹಡಿ ಯಾತ್ರೆಯನ್ನು ಅವರು ಗಮನಿಸಿದ್ದು ನನಗೂ ಗೊತ್ತಾಯಿತು.

ಚಿಕ್ಕಮ್ಮನಿಗೆ ಈ ಅಲೆದಾಟ ಹತ್ತಿಕೊಂಡದ್ದು ಗೋಕರ್ಣದಲ್ಲಿ. ಊರಿನವರೆಲ್ಲ ವ್ಯಾನು ಮಾಡಿಕೊಂಡು ದೇವರ ದರ್ಶನಕ್ಕೆ ಹೋಗಿದ್ದರು. ಎಲ್ಲರೂ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದಾಗ ಇವಳು ಮಾತ್ರ ತನಗಿಂತ ಎತ್ತರದ ಚೀಲ ಹೊತ್ತ ಒಬ್ಬ ವಿದೇಶಿ ಹುಡುಗಿಯನ್ನು ನಿಲ್ಲಿಸಿ, ಇದರಲ್ಲಿ ಏನಿದೆ ಎಂದು ಸನ್ನೆಯಲ್ಲಿ ಕೇಳಿದಳಂತೆ. ಆ ಹುಡುಗಿ ಪಾಪ, ರಸ್ತೆ ಬದಿಯಲ್ಲೇ ಚೀಲ ಬಿಚ್ಚಿ ತೋರಿಸಿದಳು. ಎರಡು ಜೊತೆ ಬಟ್ಟೆ, ಒಂದು ಟವೆಲು, ಒಂದು ತಟ್ಟೆ, ಸುತ್ತಿಟ್ಟ ಹಾಸಿಗೆ.

"ಮನೆನೇ ಬೆನ್ನ ಮೇಲೆ ಹಾಕ್ಕೊಂಡು ತಿರುಗ್ತಾಳಲ್ಲೇ! ಬೀಗ ಹಾಕೋ ಚಿಂತೆಯೇ ಇಲ್ಲ," ಎಂದು ವಾಪಸು ಬಂದು ನನಗೆ ಹೇಳಿದಾಗ ಅವಳ ಕಣ್ಣು ಬೇರೆಯೇ ಇತ್ತು. ಮದುವೆಯ ಗಂಡುಗಳನ್ನು ನೋಡಿದಾಗಲೂ ಆ ಕಣ್ಣು ಹಾಗೆ ಹೊಳೆದಿರಲಿಲ್ಲವೆಂದು ನನ್ನ ಅಮ್ಮ ಹೇಳುತ್ತಿದ್ದಳು. ಅದಕ್ಕೇ ಮದುವೆಯೂ ಆಗಲಿಲ್ಲ. ಮುಂದಿನ ಬೆಳೆಯ ಗೂಡು ಮಾರಿದ ದಿನವೇ ಚಿಂತಾಮಣಿಗೆ ಹೋಗಿ ಒಂದು ದೊಡ್ಡ ನೀಲಿ ಚೀಲ ಕೊಂಡಳು. ಮೊದಲು ಶ್ರೀಲಂಕಾ, ಆಮೇಲೆ ಥಾಯ್ಲೆಂಡು, ಆಮೇಲೆ ಒಮ್ಮೆಲೇ ಬ್ರೆಜಿಲ್ಲು. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಅವಳು ಮಾಯ. ನಡುವಿನ ದಿನಗಳಲ್ಲಿ ತೋಟಕ್ಕೆ ನೀರು ಬಿಡುವುದು ಅವಳ ತಮ್ಮನ ಪಾಲು.

ಭಾಷೆ? ಅದೊಂದು ಸಮಸ್ಯೆಯೇ ಅಲ್ಲವಂತೆ. ಕರ್ನಾಟಕದ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ಪ್ರಪಂಚಕ್ಕೆಲ್ಲ ತೆಲುಗು. ನಮ್ಮ ಗಡಿಯಲ್ಲಿ ಗೇಟು ದಾಟಿದರೆ ತೆಲುಗು ಶುರುವಾಗುತ್ತದಲ್ಲ, ಅದು ಎಲ್ಲಿ ಮುಗಿಯುತ್ತದೆಂದು ಅವಳಿಗೆ ಯಾರೂ ಹೇಳಿಲ್ಲ! ರಿಯೋದ ಬೀದಿಯಲ್ಲಿ ಮಾವಿನಹಣ್ಣು ಮಾರುವವನಿಗೆ "ಎಂತಪ್ಪಾ?" ಎಂದು ಬೆಲೆ ಕೇಳಿದಳಂತೆ. ಅವನು ಬೆರಳು ತೋರಿಸಿದನಂತೆ. ಇವಳು ಹಣ್ಣನ್ನು ಮೂಸಿ, ಇದು ಕಾಯಿದ್ದಾಗಲೇ ಕಿತ್ತದ್ದು, ನಮ್ಮ ಶ್ರೀನಿವಾಸಪುರದ ಮಂಡಿಗೆ ಬಾ ತೋರಿಸ್ತೀನಿ ಎಂದು ತೆಲುಗಿನಲ್ಲೇ ಬೈದಳಂತೆ. ಅವನು ನಕ್ಕು ಒಂದು ಹಣ್ಣು ಹೆಚ್ಚಿಗೆ ಕೊಟ್ಟನಂತೆ. ಬೈದರೆ ಕೊಸರು ಸಿಗುವ ಭಾಷೆ ಜಗತ್ತಿನಲ್ಲಿ ಇನ್ನೊಂದಿದೆಯೇ?

ಅವಳ ಚೀಲದಲ್ಲಿ ಬಟ್ಟೆ, ಹುರಿಹಿಟ್ಟಿನ ಡಬ್ಬಿ ಬಿಟ್ಟರೆ ಇರುವ ಮುಖ್ಯ ವಸ್ತು ಒಂದು ಪ್ಲಾಸ್ಟಿಕ್ ಚಂದ್ರಿಕೆ. ರೇಷ್ಮೆ ಮನೆಯ ಬಳಕೆಯಿಲ್ಲದವರಿಗೆ ಹೇಳಬೇಕು. ಹುಳು ಕೊನೆಯ ಹಂತಕ್ಕೆ ಬಂದಾಗ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಗೂಡು ಕಟ್ಟಲು ಜಾಗ ಹುಡುಕುತ್ತ ಅತ್ತಿಂದಿತ್ತ ಓಡಾಡುತ್ತದೆ. ಹುಳು ಹಣ್ಣಾಯಿತು ಎನ್ನುತ್ತೇವೆ. ಆಗ ಅದನ್ನು ಎತ್ತಿ ಚಂದ್ರಿಕೆಯ ಮೇಲೆ ಬಿಡಬೇಕು. ಬಿಡದಿದ್ದರೆ ಕಸಕಡ್ಡಿಯ ನಡುವೆ ಎಲ್ಲೋ ನೂಲು ಸುತ್ತಿ ಹಾಳುಮಾಡಿಕೊಳ್ಳುತ್ತದೆ. ಮೊದಲು ಬಿದಿರಿನ ದೊಡ್ಡ ತಟ್ಟಿಗಳಿದ್ದವು. ಈಗ ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ಕಿನವು ಬಂದಿವೆ. ಮಡಿಸಿದರೆ ಬಗಲಲ್ಲಿ ಹಿಡಿಯುತ್ತದೆ. ಚಿಕ್ಕಮ್ಮನಿಗೆ ಅದು ಬಟ್ಟೆ ಒಣಹಾಕುವ ಹಗ್ಗ, ಮರಳಿನ ಮೇಲಿನ ಚಾಪೆ, ಪ್ರವಾಸಿಗರು ತಂಗುವ ಹಾಸ್ಟೆಲಿನ ಮಂಚಕ್ಕೆ ಮರೆ, ಎಲ್ಲವೂ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅದನ್ನು ಹೊರಗೆಳೆದು, ಇದೇನಮ್ಮ ಎಂದರಂತೆ.

"ಹುಳಗಳ ಮನೆ."

ಆ ಅಧಿಕಾರಿ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, ಹುಳು ಎಲ್ಲಿವೆ ಎಂದು ಕೇಳಿದನಂತೆ.

"ಅವು ಬರಲ್ಲಪ್ಪ. ಅವಕ್ಕೆ ಪಾಸ್‌ಪೋರ್ಟ್ ಇಲ್ಲ."

ಆ ಚಂದ್ರಿಕೆಯ ಭಾಗ್ಯ ತೆರೆದದ್ದು ಕಾರ್ನಿವಲ್ಲಿನಲ್ಲಿ. ಬೀದಿಯ ತುಂಬ ಜನ, ಒಬ್ಬ ನವಿಲು, ಒಬ್ಬ ಕಡಲುಗಳ್ಳ, ಒಬ್ಬ ಟಿವಿ ಡಬ್ಬದೊಳಗೆ ತಲೆ ತೂರಿಸಿದವನು. ವೇಷವಿಲ್ಲದೆ ನಿಂತವಳು ಇವಳೊಬ್ಬಳೇ. ಮದುವೆ ಮನೆಗೆ ಹಳೇ ಸೀರೆಯಲ್ಲಿ ಹೋದ ಹಾಗಾಯಿತಂತೆ. ತಕ್ಷಣ ಚಂದ್ರಿಕೆ ಬಿಚ್ಚಿ, ಬೆನ್ನ ಮೇಲಿನ ಚೀಲಕ್ಕೇ ದುಪಟ್ಟಾದಿಂದ ಬಿಗಿದು, ಎರಡೂ ಕಡೆ ರೆಕ್ಕೆ ಚಾಚಿ ನಿಂತಳು. ಕೊರಳಿಗೆ ತೂತು ಬಿದ್ದ ಗೂಡುಗಳನ್ನು ಪೋಣಿಸಿದ ಹಾರ. ಅದನ್ನು ಹೇಗೂ ಯಾರಿಗಾದರೂ ಕೊಡಲೆಂದು ಒಯ್ದಿದ್ದಳು. ಡೋಲು ಶುರುವಾಯಿತು. ನಮ್ಮ ಕಡೆ ತಮಟೆಯ ಸದ್ದಿಗೆ ಬೆಳೆದ ಕಾಲು ಅದು, ಯಾವ ದೇಶದ ಚರ್ಮವೆಂದು ಕೇಳುತ್ತದೆಯೇ? ಬೀದಿಯಿಂದ ಬೀದಿಗೆ ಕುಣಿದಳು. ಡೋಲು ನಿಂತಾಗ ನೋಡಿದರೆ ತಾನಿಳಿದಿದ್ದ ಹಾಸ್ಟೆಲು ಯಾವ ದಿಕ್ಕಿಗಿದೆಯೆಂದೇ ಗೊತ್ತಿಲ್ಲ! ವಿಳಾಸದ ಚೀಟಿ ತೋರಿಸಿದಳು. ಆ ಡೋಲಿನವರು ಇವಳನ್ನು ಮುಂದಿಟ್ಟುಕೊಂಡು, ಬಾರಿಸುತ್ತ ಬಾರಿಸುತ್ತ, ಬಾಗಿಲವರೆಗೆ ಬಿಟ್ಟು ಹೋದರು.

"ನಮ್ಮೂರಾಗೆ ಅಷ್ಟು ವಾದ್ಯ ಇಟ್ಕೊಂಡು ಸಾಗಿಸ್ಬೇಕಾದ್ರೆ ಒಂದೋ ಮದ್ವೆ ಆಗಿರ್ಬೇಕು, ಇಲ್ಲ ಸತ್ತಿರ್ಬೇಕು," ಎಂದಳು ಚಿಕ್ಕಮ್ಮ. "ನಾನು ಎರಡೂ ಆಗ್ದೆ ಮಾಡಿಸ್ಕೊಂಡೆ ನೋಡು."

ಇದನ್ನು ನೆನೆಸಿಕೊಂಡು ನಗುತ್ತ ನಾನು ಒಣಗಿದ ಬಟ್ಟೆಗಳನ್ನು ತಂದು, ಮತ್ತೆ ಬಕೆಟ್ಟಿನ ನೀರಿಗೆ ಹಾಕಿದ್ದೆ. ಹಿಂಡಿ ಪುನಃ ಮಹಡಿಗೆ. ಮುನಿರತ್ನಮ್ಮನವರ ಮೊರದಲ್ಲಿ ಸಿಪ್ಪೆಯ ರಾಶಿ ಬೆಳೆದಿತ್ತು. ಮಧ್ಯಾಹ್ನ ಮನೆಯವರಿಂದ ಮೆಸೇಜು ಬಂತು: 'ಚಿತ್ರಾನ್ನ ತಿಂದೆ. ಸಮುದ್ರ ನೋಡಿ ಬಂದ ಹಾಗಾಯಿತು.'

ಊಟ ಸೇರಲಿಲ್ಲ. ಮಂಚದ ಮೇಲೆ ಕೂತು ಫೋನಿನಲ್ಲಿ ಚಿಕ್ಕಮ್ಮ ಕಳಿಸಿದ್ದ ಫೋಟೋಗಳನ್ನು ತೆಗೆದೆ. ಹೋಗದಿರುವುದಕ್ಕೆ ಅವುಗಳಲ್ಲಿ ಏನಾದರೂ ಕಾರಣ ಸಿಕ್ಕೀತೆಂಬ ಆಸೆ. ನಾನು ಬಹಳ ಇಷ್ಟಪಡುವ ಫೋಟೋ ಒಂದಿದೆ. ಬ್ರೆಜಿಲ್ಲಿನ ಕಡಲ ದಂಡೆಯಲ್ಲಿ ಚಂದ್ರಿಕೆ ಹಾಸಿಕೊಂಡು ಚಿಕ್ಕಮ್ಮ ಕೂತಿದ್ದಾಳೆ, ಸುತ್ತ ಚೀಲ, ಚಪ್ಪಲಿ, ಟವೆಲು, ಕನ್ನಡಕಗಳ ಗುಡ್ಡ. ಅಲ್ಲಿನವರಿಗೆ ಒಂದು ಪದ್ಧತಿಯಂತೆ: ನೀರಿಗೆ ಇಳಿಯುವ ಮುಂಚೆ ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೇ ತಮ್ಮ ಸಾಮಾನು ನೋಡಿಕೊಳ್ಳಲು ಹೇಳಿ ಹೋಗಿಬಿಡುವುದು. ಚಿಕ್ಕಮ್ಮನ ಮುಖ ನೋಡಿದರೆ ಯಾರಿಗೆ ನಂಬಿಕೆ ಬರುವುದಿಲ್ಲ? ಒಬ್ಬರು ಕೊಟ್ಟರು, ಇನ್ನೊಬ್ಬರು ಕೊಟ್ಟರು, ಆಮೇಲೆ ಇಡೀ ದಂಡೆಯೇ ಕೊಟ್ಟಿತು. ಒಬ್ಬಳಂತೂ ತನ್ನ ನಾಯಿಮರಿಯನ್ನೂ ಬಿಟ್ಟು ಹೋಗಿದ್ದಳು. ಇವಳು ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಮದುವೆ ದಿಬ್ಬಣದ ಮೂಟೆ ಕಾಯುವವಳ ಹಾಗೆ ಕೋಲು ಹಿಡಿದು ಕೂತಳು. ಕೂಲಿಗೆ ಎಳನೀರು ಬಂತಂತೆ, ಕುಡಿದು ಕುಡಿದು ಸಾಕಾಯಿತಂತೆ.

ಎಷ್ಟೋ ಸಲ ನೋಡಿ ನಕ್ಕ ಫೋಟೋ. ಆದರೆ ನನಗೊಂದು ಚಾಳಿ, ಯಾರದೇ ಫೋಟೋ ಸಿಕ್ಕಿದರೂ ಸೆರಗು, ಅಂಚು, ಗುಂಡಿ ನೋಡುತ್ತೇನೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಊರವರ ಚೀಲಗಳೆಲ್ಲ ಮರಳಿನ ಮೇಲಿದ್ದವು. ಚಿಕ್ಕಮ್ಮನ ನೀಲಿ ಚೀಲ ಮಾತ್ರ ಅವಳ ಬೆನ್ನ ಮೇಲೆಯೇ ಇತ್ತು.

ಬೇರೆ ಫೋಟೋಗಳನ್ನು ತೆಗೆದೆ. ಶ್ರೀಲಂಕಾದ ದಂಡೆ, ಬೆನ್ನ ಮೇಲೆ ಚೀಲ. ಥಾಯ್ಲೆಂಡಿನ ದಂಡೆ, ಬೆನ್ನ ಮೇಲೆ ಚೀಲ. ಹಿಂದೆ ಜನ ಕುತ್ತಿಗೆವರೆಗೆ ನೀರಿನಲ್ಲಿದ್ದಾರೆ, ಒಬ್ಬರನ್ನೊಬ್ಬರು ಎರಚಾಡುತ್ತಿದ್ದಾರೆ. ಮುಂದೆ ಚಿಕ್ಕಮ್ಮ ಹಲ್ಲು ಬಿಟ್ಟು ನಗುತ್ತಿದ್ದಾಳೆ, ಪೈಜಾಮವನ್ನು ಮೊಣಕಾಲಿನವರೆಗೆ ಮಡಿಸಿದ್ದಾಳೆ. ಆ ಮಡಿಕೆಯೂ ಒಣಗಿದೆ, ಕಾಲೂ ಒಣಗಿದೆ. ಹರಡಿನ ಸುತ್ತ ಮಾತ್ರ ಒಂದು ಒದ್ದೆಯ ಗೆರೆ. ಎಲ್ಲ ಫೋಟೋಗಳಲ್ಲೂ ಅಷ್ಟೇ.

ಫೋನು ಮಾಡಿದೆ. ಅವಳು ಹುಳುಮನೆಯೊಳಗಿದ್ದಳು. ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ಕೇಳಿಸುತ್ತಿತ್ತು.

"ಚಿಕ್ಕಮ್ಮ, ನೀನು ಸಮುದ್ರಕ್ಕೆ ಇಳಿದೇ ಇಲ್ವಾ?"

"ಇಳ್ದಿದೀನಲ್ಲ. ಪಾದ ತೊಳ್ಕೊಂಡಿದೀನಿ."

"ಪಾದ ಅಲ್ಲ. ಪೂರ್ತಿ."

"ಎಂಗ್ ಇಳೀಲೇ? ಚೀಲದಾಗೆ ಪಾಸ್‌ಪೋರ್ಟ್ ಐತೆ. ಅದು ಹೋದ್ರೆ ನಾನು ವಾಪಸ್ ಬರೋದೆಂಗೆ? ಇಲ್ಲಿ ಮುಂದಿನ್ ಬೆಳೆಗೆ ಸೊಪ್ಪು ಹಾಕೋರ್ಯಾರು?"

ಹಾಸ್ಟೆಲಿನಲ್ಲಿ ಬೀಗ ಹಾಕಿ ಇಡಬಹುದಿತ್ತಲ್ಲ ಎಂದೆ. ಅಲ್ಲಿನ ಬೀಗಕ್ಕೆ ಕೀಲಿಯೇ ಇಲ್ಲವಂತೆ, ಅಂಕಿ ತಿರುಗಿಸುವುದಂತೆ. ಕೀಲಿ ಇಲ್ಲದ ಬೀಗವನ್ನು ಯಾರಾದರೂ ನಂಬುತ್ತಾರೆಯೇ ಎಂದು ನನ್ನನ್ನೇ ಗದರಿದಳು.

"ಪಕ್ಕದವರಿಗೆ ಕೊಡಬಹುದಿತ್ತು. ಅವರೆಲ್ಲ ನಿನಗೆ ಕೊಟ್ಟು ಹೋಗಲಿಲ್ವಾ?"

ಅವಳು ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಎಳೆದ ಸದ್ದಾಯಿತು.

"ಕೊಡಬೋದಾಗಿತ್ತು," ಎಂದಳು. "ಚೀಲ ಹಂಗಿರ್ಲಿ ಕಣೇ. ಒಂದ್ಸಲ ಒಳಕ್ ಹೋದ್ಮೇಲೆ ತಿರುಗಿ ನೋಡಿದ್ರೆ, ದಡದಾಗೆ ನಮ್ಮೋರು ಅನ್ನೋರು ಒಬ್ರು ನಿಂತಿರ್ಬೇಕು. ಅದಿಲ್ದೆ ನಂಗೆ ಕಾಲು ಮುಂದಕ್ ಬರ್ಲಿಲ್ಲ."

ಅಷ್ಟು ಹೇಳಿ, ಸೊಪ್ಪಿಗೆ ಹೊತ್ತಾಯಿತು ಎಂದು ಇಟ್ಟುಬಿಟ್ಟಳು.

ನನ್ನ ಇಂಗ್ಲಿಷಿಗೆ ಗಾಳಿ ಬೇಕೆಂದವಳು! ತೆಲುಗಿನಲ್ಲಿ ಬೈದು ಬ್ರೆಜಿಲ್ಲನ್ನೇ ಗೆದ್ದವಳಿಗೆ ನನ್ನ ಇಂಗ್ಲಿಷು ಯಾಕೆ ಬೇಕಿತ್ತು?

ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಸಿದ್ದ ಕಾಗದದಡಿ ಪಾಸ್‌ಪೋರ್ಟ್ ಇತ್ತು. ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ. ಅದನ್ನು ಹಿಡಿದುಕೊಂಡೇ ಒಲೆ ಒರೆಸಿದೆ. ಗೇಟಿನವರೆಗೆ ಹೋದೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಒಳಗೆ ಬಂದೆ, ಒಲೆ ಹಚ್ಚೇ ಇರಲಿಲ್ಲ. ನಾನು ಹೋದರೆ ಮನೆಯವರ ಡಬ್ಬಿ? ಅವರು ಹೋಟೆಲಿನಲ್ಲಿ ಸಂತೋಷವಾಗಿ ತಿನ್ನುತ್ತಾರೆ. ತುಳಸಿಗೆ ನೀರು? ಮುನಿರತ್ನಮ್ಮ ಹಾಕುತ್ತಾರೆ. ನನಗೆ ಈಜು ಬರುವುದಿಲ್ಲ. ದಡದಲ್ಲಿ ನಿಲ್ಲುವುದಕ್ಕೆ ಈಜು ಯಾಕೆ ಬೇಕು?

ಹೊತ್ತು ಮುಳುಗುತ್ತ ಬಂತು. ದೇವರ ಮುಂದೆ ಬತ್ತಿ ಹೊಸೆದಿಟ್ಟು, ಹಚ್ಚದೆ ಮತ್ತೆ ಗೇಟಿಗೆ ಬಂದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪಾಸ್‌ಪೋರ್ಟು. ಚಿಕ್ಕಮ್ಮನ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ತೆಗೆಯುತ್ತಿದ್ದೆ.

ಎದುರುಗಡೆ ಮುನಿರತ್ನಮ್ಮ ಅವರೆಕಾಳಿನ ಪಾತ್ರೆ ಎತ್ತಿಕೊಂಡು ಜಗಲಿಯಿಂದ ಎದ್ದರು. ಸೆರಗಿನ ಮೇಲಿನ ಸಿಪ್ಪೆ ಕೊಡವುತ್ತ, ನನ್ನ ಕಡೆ ಸರಿಯಾಗಿ ನೋಡದೆಯೇ, ಒಳಗೆ ಹೋಗುವ ಮುಂಚೆ ಹೇಳಿದರು:

"ಏನಮ್ಮಾ ಬೆಳಿಗ್ಗೆಯಿಂದ ಹಣ್ಣಾದ ಹುಳ ಥರ ತಲೆ ಎತ್ಕೊಂಡು ಓಡಾಡ್ತಾ ಇದೀಯಾ. ಎತ್ತಿ ಚಂದ್ರಿಕೆಗೆ ಬಿಡೋರು ಯಾರೂ ಇಲ್ವಾ ನಿಂಗೆ?"