ಕಂಬಳಿ ಹುಳು ನೋಡಿ ಚಳಿ ಹೇಳುತ್ತಿದ್ದ ಮಾವ

ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ ಮಡಿಕೇರಿಯಲ್ಲಿ ನಮಗೆ ನಮ್ಮದೇ ಮಂತ್ರಿಗಳಿದ್ದರು. ಆದರೆ ಹವಾಮಾನ ಖಾತೆ ಮಾತ್ರ ಕೊಡ್ಲಿಪೇಟೆಯಲ್ಲಿ, ನನ್ನ ಸೋದರಮಾವನ ಕೈಯಲ್ಲಿತ್ತು! ಇದು ನನ್ನ ಮಾತಲ್ಲ, ಅವರದೇ ಮಾತು. ನಾನಾಗ ಅಲ್ಲಿನ ಶಾಲೆಯಲ್ಲಿ ಟೀಚರಾಗಿ, ಅವರ ಮನೆಯಲ್ಲೇ ಊಟ ಮಾಡಿಕೊಂಡಿದ್ದವಳು. ಹಾಗಾಗಿ ಎದುರು ಹೇಳುವಂತಿರಲಿಲ್ಲ.

ದೀಪಾವಳಿ ಕಳೆಯಿತೆಂದರೆ ಮಾವ ಕಾಫಿ ತೋಟ ಹೊಕ್ಕು ಕಂಬಳಿ ಹುಳು ಹುಡುಕಲು ಶುರು ಮಾಡುತ್ತಿದ್ದರು. ಹುಳುವಿನ ಕೂದಲು ತೆಳ್ಳಗಿದ್ದರೆ ಆ ವರ್ಷದ ಚಳಿ ಹಗುರ, ಒತ್ತಾಗಿದ್ದರೆ ಮೂಳೆ ಕೊರೆಯುವ ಚಳಿ. ಇಷ್ಟೇ ಶಾಸ್ತ್ರ. ಈರುಳ್ಳಿ ಸಿಪ್ಪೆ ಎಷ್ಟು ದಪ್ಪ, ಗೀಜಗ ಎಷ್ಟೆತ್ತರಕ್ಕೆ ಗೂಡು ಕಟ್ಟಿದೆ, ನಾಯಿ ಅಂಗಳ ಬಿಟ್ಟು ಒಲೆಯ ಬೂದಿಗೆ ಯಾವತ್ತು ಬಂತು, ಇವೆಲ್ಲ ಬರೀ ಸಾಕ್ಷಿಗಳು. ತೀರ್ಪು ಮಾತ್ರ ಹುಳುವಿನದೇ!

ನಗಬೇಡಿ. ಆ ತೀರ್ಪಿನ ಮೇಲೆ ಒಂದು ಜೀವ ನಿಂತಿತ್ತು. ಅತ್ತೆಗೆ ಉಬ್ಬಸ. ಚಳಿ ಜೋರಾದ ವರ್ಷ ಈಕೆಯನ್ನು ಇಲ್ಲಿಟ್ಟುಕೊಂಡರೆ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹುಳುವಿನ ಕೂದಲು ಒತ್ತಾಗಿ ಕಂಡ ವರ್ಷವೆಲ್ಲ ಅತ್ತೆ, ಚಳಿ ಕಡಿಮೆಯಿರುವ ಪಿರಿಯಾಪಟ್ಟಣದ ಕಡೆ ಇದ್ದ ತನ್ನ ತಂಗಿಯ ಮನೆಗೆ ಹೋಗಿ, ಶಿವರಾತ್ರಿ ಕಳೆದ ಮೇಲೆ ಬರಬೇಕು. ಆಕೆಗೆ ಅದು ಜೈಲು. "ಅಲ್ಲಿ ಉಸ್ರು ಸರಾಗವಾಗಿ ಆಡ್ತದೆ ಕಣೆ. ತಂಗಿ ಹೊಲಕ್ಕೆ ಹೋದ್ರೆ ಮಾತಾಡಕ್ಕೆ ಒಬ್ರೂ ಇಲ್ಲ. ಬರೀ ಉಸ್ರಾಡ್ಕಂಡು ಕೂತಿರ್ಬೇಕು!" ಎನ್ನುತ್ತಿದ್ದರು.

ಒಮ್ಮೆ ನೆಂಟರ ಮದುವೆಗೆ ಹೋದಾಗ ದಾರಿಯಲ್ಲಿ ಸಿಕ್ಕ ಅಪರೂಪದ ಹುಳುವನ್ನು ಮಾವ ಎಲೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಧಾರೆಯ ಹೊತ್ತಿಗೆ ಹುಳು ಎಲೆ ಬಿಟ್ಟು ಹೊರಬಂತು. ಪಕ್ಕದಲ್ಲಿ ಕೂತಿದ್ದ ಬೀಗರಿಗೆ ಮೊದಲು ಕತ್ತು ತುರಿಸಿತು, ಆಮೇಲೆ ಬೆನ್ನು. ಮದುಮಗನೂ ತುರಿಸಿಕೊಳ್ಳುತ್ತಲೇ ತಾಳಿ ಕಟ್ಟಿದ! ಮಾವನ ಚಿಂತೆಯೇ ಬೇರೆ: "ಹುಳಾ ತುಳ್ದು ಸಾಯಿಸ್ಬುಟ್ರಲ್ರೀ, ಇನ್ನೂ ಸರಿಯಾಗಿ ನೋಡೇ ಇರ್ಲಿಲ್ಲ!"

ನಮ್ಮ ಹೆಡ್‌ಮಾಸ್ತರರು ಸಂಕಟ ತಾಳಲಾರದೆ ಅವರಿಗೊಂದು ಥರ್ಮಾಮೀಟರ್ ತೋರಿಸಿದರು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಇವತ್ತಿನ ಚಳಿ ಹೇಳ್ತದೆ. ಅದು ನನ್ ಮೂಗೂ ಹೇಳ್ತದೆ. ಪುಷ್ಯದ ಚಳಿ ಹೇಳ್ತದಾ?" ಎಂದು ವಾಪಸು ಕೊಟ್ಟರು.

ತಪ್ಪು ಒಪ್ಪಿಕೊಳ್ಳುವುದಂತೂ ಅವರ ಜಾತಕದಲ್ಲೇ ಇರಲಿಲ್ಲ. ಭಾರೀ ಚಳಿ ಎಂದು ಅತ್ತೆಯನ್ನು ಕಳಿಸಿದ ಒಂದು ವರ್ಷ ಊರವರು ಅಂಗಿ ಬಿಚ್ಚಿ ತಿರುಗುವಷ್ಟು ಸೆಕೆ. ಕೇಳಿದ್ದಕ್ಕೆ, "ಚಳಿ ಹೊರಟಿತ್ತು ಕಣ್ರಯ್ಯಾ. ಸಕಲೇಶಪುರದಲ್ಲೇ ಇಳ್ಕಂಡಿರ್ಬೇಕು!" ಎಂದರು.

ಆಮೇಲಿನ ವರ್ಷ ಅತ್ತೆ ಬಹಳ ಸೋತಿದ್ದರು. ಅಂಗಳ ದಾಟುವುದರೊಳಗೆ ಎರಡು ಸಲ ಕೂರುತ್ತಿದ್ದರು. "ಈ ಸಲ ಎಲ್ಲಿಗೂ ಕಳಿಸ್ಬೇಡಿ ಇವ್ರೇ" ಎಂದು ಒಂದೇ ಸಲ ಹೇಳಿದರು. ಮಾವ ತೋಟಕ್ಕೆ ನಡೆದರು. ನಾನೂ ಹೋದೆ. ಹಾಲುವಾಣದ ಮರದ ಮೇಲೆ ಹುಳು ಸಿಕ್ಕಿತು. ಅಷ್ಟು ಒತ್ತು ಕೂದಲಿನ ಹುಳುವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಾವ ಮರದ ಬುಡದಲ್ಲೇ ಕೂತುಬಿಟ್ಟರು. ಬಹಳ ಹೊತ್ತಾದ ಮೇಲೆ ಎದ್ದು, ಪಂಚೆ ಕೊಡವಿ, ಮನೆಗೆ ಬಂದು ಬಾಗಿಲಲ್ಲೇ ಕೂಗಿದರು: "ಲೇ ಇವಳೇ, ಹುಳಾ ಬೋಳುಬೋಳಾಗಿದೆ! ಈ ಸಲ ಚಳಿಯೇ ಇಲ್ಲ!"

ಅತ್ತೆ ನಕ್ಕರು.

ಚಳಿ ಬಂತು. ಎಂಥ ಚಳಿ! ಕಣದಲ್ಲಿ ಹರಡಿದ ಕಾಫಿ ಮಧ್ಯಾಹ್ನವಾದರೂ ಇಬ್ಬನಿಯಲ್ಲಿ ನೆನೆದೇ ಇರುತ್ತಿತ್ತು. ಮಾವ ಹಗಲಿಡೀ ಕೆಂಡದ ಬಾಣಲೆ ಹಿಡಿದು ಅತ್ತೆಯ ಮಂಚದ ಸುತ್ತ ತಿರುಗಿದರು. "ಇದು ಚಳಿಯಲ್ಲ, ಬರೀ ಗಾಳಿ" ಎಂದು ಸಾಧಿಸಿದರು. ಸಂಕ್ರಾಂತಿಗೆ ಮೊದಲೇ ಅತ್ತೆ ಹೋದರು.

ಮಾತಾಡಿಸಲು ಬಂದ ನೆರೆಮನೆಯವರು, "ನಿಮ್ ಹುಳಾ ಹಿಂಗ್ ಮೋಸ ಮಾಡ್ತಲ್ರೀ" ಎಂದರು. ಮಾವ ತಲೆ ತಗ್ಗಿಸಿ, "ಹುಳಾ ಮಾಡ್ಲಿಲ್ಲ, ನಾನೇ ತಪ್ ನೋಡ್ದೆ" ಎಂದರು. ಅವರೆಲ್ಲ ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿ, "ನನ್ ಸುಳ್ಳೇ ಅವಳ್ನ ತಿಂದಾಕ್ತು ಮಗಾ" ಎಂದರು.

ನನಗೆ ತಡೆಯಲಾಗಲಿಲ್ಲ. ಅತ್ತೆ ಯಾರಿಗೂ ಹೇಳಬೇಡ ಎಂದಿದ್ದನ್ನು ಹೇಳಿಬಿಟ್ಟೆ. "ಅತ್ತೆಗೆ ಗೊತ್ತಿತ್ತು ಮಾವ. ನಿಮಗಿಂತ ಮೊದಲೇ ಬೇಲಿ ಹತ್ರ ಹುಳ ನೋಡಿದ್ರಂತೆ. ಕರಡಿ ಮರಿ ಇದ್ದಂಗಿತ್ತು ಅಂದ್ರು."

"ಗೊತ್ತಿದ್ದೂ ನಗ್ತಾ ಇದ್ಲಾ?"

"ಹೂಂ."

ಮಾವ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಸತ್ತ ಮೇಲೆ ಅವರು ಅತ್ತಿದ್ದು ಅದೇ ಮೊದಲು. ಆಮೇಲೆ ಟವಲಿನೊಳಗಿಂದಲೇ ಹೇಳಿದರು:

"ಹಂಗಾದ್ರೆ ಅವಳೇ ಉಳ್ಕಂಡಿದ್ದು ಮಗಾ. ನಾನು ಮೋಸ ಮಾಡಿ ಇಟ್ಕಂಡಿದ್ದಲ್ಲ."